ಬೈಕಿನ ಮುಂದಿನ ಫೋರ್ಕಿಗೆ ರಬ್ಬರ್ ಗೇಟರ್ ಹಾಕುವುದು: ಬಿಚ್ಚುವುದರಿಂದ ಬ್ರೇಕ್ ಪಂಪ್ ಮಾಡುವವರೆಗೆ

"ಗೇಟರ್ ತರಿಸಿದ್ದೇನೆ, ಮನೆಯಲ್ಲೇ ಹಾಕಬಹುದಾ? ಚಕ್ರ ಬಿಚ್ಚಲೇಬೇಕಾ?" ಈ ಪ್ರಶ್ನೆ ತಿಂಗಳಿಗೆ ನಾಲ್ಕೈದು ಸಲವಾದರೂ ನನ್ನ ಹತ್ತಿರ ಬರುತ್ತದೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವಾಗ ಏನಾದರೊಂದು ಬಿಟ್ಟುಹೋಗುತ್ತದೆ. ಈ ಕೆಲಸದಲ್ಲಿ ಬಿಟ್ಟುಹೋಗುವ ಒಂದು ಮಾತು ಅಪಾಯ ತರಬಹುದು. ಅದಕ್ಕೇ ಮೊದಲಿಂದ ಕೊನೆವರೆಗೆ ಇಲ್ಲಿ ಬರೆದಿದ್ದೇನೆ.

ಗೇಟರ್ ಅಂದರೆ ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಪೈಪಿನ ಮೇಲೆ ಕೂರುವ ಮಡಿಕೆ ಮಡಿಕೆಯ ರಬ್ಬರ್ ಚೀಲ. ಹಿಮಾಲಯನ್ 411, ಹಂಟರ್ 350, ಹೋಂಡಾ ಸಿಬಿ350ಆರ್‌ಎಸ್ ಬೈಕುಗಳಿಗೆ ಕಂಪನಿಯಿಂದಲೇ ಬಂದಿರುತ್ತದೆ. ಹೈನೆಸ್ ಸಿಬಿ350 ತರಹದ ಬೈಕಿಗೆ ಇರುವುದಿಲ್ಲ. ಆ ಹಳೇ ಕಾಲದ ಗತ್ತು ಬೇಕು ಅಂತ ಜನ ಹೊರಗಿನಿಂದ ತಂದು ಹಾಕಿಸುತ್ತಾರೆ. ನೋಟಕ್ಕಷ್ಟೇ ಅಲ್ಲ, ಸ್ವಲ್ಪ ಪ್ರಯೋಜನವೂ ಇದೆ. ಮುಂದಿನ ಲಾರಿಯಿಂದ ಸಿಡಿಯುವ ಜಲ್ಲಿ, ಎರೆ ಮಣ್ಣಿನ ಕೆಸರು ನೇರವಾಗಿ ಕ್ರೋಮ್ ಪೈಪಿಗೆ ಬಡಿಯುವುದು ತಪ್ಪುತ್ತದೆ.

ಆದರೆ ಒಂದು ಮಾತು ತಲೆಯಲ್ಲಿರಲಿ. ಹಾಕುವುದು ಬರೀ ರಬ್ಬರ್. ಅದಕ್ಕಾಗಿ ಬಿಚ್ಚುವುದು ಮಾತ್ರ ಬ್ರೇಕು, ಚಕ್ರ ಮತ್ತು ಹ್ಯಾಂಡಲ್ ಹಿಡಿದಿರುವ ಫೋರ್ಕು. ಬಿಚ್ಚುವುದು ಅಷ್ಟೇನೂ ಕಷ್ಟವಲ್ಲ. ವಾಪಸ್ ಜೋಡಿಸುವ ಕ್ರಮದಲ್ಲೇ ಜನ ತಪ್ಪುವುದು.

ಮೊದಲು ನೋಡಿಕೊಳ್ಳಿ: ನಿಮ್ಮದು ಯಾವ ಗೇಟರ್, ಯಾವ ಫೋರ್ಕ್?

ಉದ್ದಕ್ಕೆ ಸೀಳಿದ್ದು, ಜಿಪ್ ಅಥವಾ ವೆಲ್ಕ್ರೋ ಇರುವ ಬಟ್ಟೆ ತರಹದ ಕವರ್ ನಿಮ್ಮ ಹತ್ತಿರ ಇದ್ದರೆ ಏನೂ ಬಿಚ್ಚಬೇಕಾಗಿಲ್ಲ. ಪೈಪ್ ಒರೆಸಿ, ಸುತ್ತಿ, ಹಾಕಿಬಿಡಿ. ಹತ್ತು ನಿಮಿಷದ ಕೆಲಸ. ಈ ಲೇಖನ ಇಡೀ ಕೊಳವೆಯಂತಿರುವ ರಬ್ಬರ್ ಗೇಟರಿಗೆ.

ಕೆಟಿಎಂ 390 ಡ್ಯೂಕ್‌ನಂಥ ಬೈಕುಗಳಲ್ಲಿ ಫೋರ್ಕ್ ತಲೆಕೆಳಗಾಗಿರುತ್ತದೆ. ದಪ್ಪ ಭಾಗ ಮೇಲೆ, ಸಣ್ಣ ಪೈಪು ಕೆಳಗೆ. ಅದಕ್ಕೆ ಈ ಗೇಟರ್ ಕೂರುವುದಿಲ್ಲ. ಹಳೇ ಬುಲೆಟ್‌ಗಳಲ್ಲಿ ಫೋರ್ಕ್ ಪೈಪಿನ ತುದಿ ಹೆಡ್‌ಲೈಟ್ ಇರುವ ಮೇಲಿನ ಎರಕದ ಭಾಗಕ್ಕೆ ಥ್ರೆಡ್‌ನಲ್ಲಿ ಕೂತಿರುತ್ತದೆ. ಅದನ್ನು ಬಿಚ್ಚುವ ವಿಧಾನವೇ ಬೇರೆ. ಇಲ್ಲಿ ಹೇಳಿದ್ದನ್ನು ಅಲ್ಲಿ ಮಾಡಲು ಹೋಗಬೇಡಿ.

ಮುಂದೆ ಬರುವ ಮಾತುಗಳು ಗೊತ್ತಿರಲಿ. ಮೇಲಿನ ಹೊಳೆಯುವ ನಳಿಗೆ ಫೋರ್ಕ್ ಪೈಪ್. ಅದು ಒಳಗೆ ಹೊರಗೆ ಜಾರುವ ಕೆಳಗಿನ ದಪ್ಪ ಭಾಗ ಬಾಟಮ್ ಕೇಸ್. ಎರಡೂ ಪೈಪನ್ನು ಹಿಡಿದಿರುವ ಕೆಳಗಿನ ಅಡ್ಡತುಂಡು ಟಿ-ಸ್ಟೆಮ್. ಹ್ಯಾಂಡಲ್ ಕೂತಿರುವ ಮೇಲಿನ ಅಡ್ಡತುಂಡು ಟಾಪ್ ಬ್ರಿಡ್ಜ್. ಪೈಪನ್ನು ಸುತ್ತಲಿಂದ ಬಿಗಿಯಾಗಿ ಅವುಚಿಕೊಳ್ಳುವಂತೆ ಮಾಡುವ ಬೋಲ್ಟಿಗೆ ಕ್ಲ್ಯಾಂಪ್ ಬೋಲ್ಟ್ ಅನ್ನುತ್ತಾರೆ.

ಅಳತೆ ತಪ್ಪಿದರೆ ಪೂರ್ತಿ ಕೆಲಸ ದಂಡ

ಗೇಟರ್ ಕೊಳ್ಳುವ ಮೊದಲೇ ಮೂರು ಅಳತೆ ತೆಗೆಯಬೇಕು. ಒಂದು, ಪೈಪಿನ ದಪ್ಪ. 2021ರ ನಂತರದ ಕ್ಲಾಸಿಕ್ 350, ಮೀಟಿಯರ್, ಹೈನೆಸ್ ಎಲ್ಲದರದ್ದೂ 41 ಮಿಲಿಮೀಟರ್. ಪಲ್ಸರ್ 220ರದ್ದು 37. ಎರಡು, ಬಾಟಮ್ ಕೇಸಿನ ಮೇಲಿನ ತುದಿಯ ದಪ್ಪ. ಗೇಟರಿನ ಕೆಳಗಿನ ಬಾಯಿ ಇಲ್ಲೇ ಕೂರುವುದು. ಅಂದಾಜಿಗೆ ಬಿಡದೆ ವರ್ನಿಯರ್ ಕ್ಯಾಲಿಪರ್‌ನಲ್ಲೇ ಅಳೆಯಿರಿ.

ಮೂರನೆಯದು ಉದ್ದ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಗಾಳಿಯಲ್ಲಿರುವಾಗ ಟಿ-ಸ್ಟೆಮ್‌ನಿಂದ ಬಾಟಮ್ ಕೇಸ್‌ವರೆಗೆ ಕಾಣುವ ಪೈಪನ್ನು ಅಳೆಯಿರಿ. ಉದಾಹರಣೆಗೆ 195 ಮಿಲಿಮೀಟರ್ ಬಂತು ಅಂದುಕೊಳ್ಳಿ. ಕ್ಲಾಸಿಕ್ 350ರ ಫೋರ್ಕ್ ದೊಡ್ಡ ಹಳ್ಳಕ್ಕೆ ಬಿದ್ದಾಗ 130 ಮಿಲಿಮೀಟರ್ ತನಕ ಕುಗ್ಗಬಲ್ಲದು. 195ರಲ್ಲಿ 130 ಕಳೆದರೆ ಉಳಿಯುವುದು 65. ಅಂದರೆ ನಿಮ್ಮ ಗೇಟರ್ ಎಳೆದಾಗ 195 ಮುಟ್ಟಬೇಕು, ಒತ್ತಿದಾಗ 65ರೊಳಗೆ ಮಡಚಿಕೊಳ್ಳಬೇಕು. ಗೇಟರನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದು ಅಳೆದು ನೋಡಿ. 90ಕ್ಕೇ ನಿಂತುಬಿಟ್ಟರೆ ಅದು ನಿಮ್ಮ ಬೈಕಿಗಲ್ಲ. ಫೋರ್ಕ್ ಪೂರ್ತಿ ಕುಗ್ಗುವ ಮೊದಲೇ ರಬ್ಬರ್ ಅಡ್ಡ ಬರುತ್ತದೆ, ಇಲ್ಲವೇ ಬಾಯಿ ಕಿತ್ತುಕೊಂಡು ಬರುತ್ತದೆ.

ಬೇಕಾದ ಸಾಮಾನು

ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್, ಎಲನ್ ಕೀ, ಸಣ್ಣ ಜಾಕ್, ಒಂದು ಮರದ ಹಲಗೆ, ಗಟ್ಟಿ ಹಗ್ಗ ಅಥವಾ ಬೆಲ್ಟ್, ಬ್ರೇಕ್ ಕ್ಲೀನರ್, ಸಿಲಿಕೋನ್ ಗ್ರೀಸ್, ಮರೆಮಾಚಲು ಬಳಸುವ ಪೇಂಟರ್ ಟೇಪು, ಹಳೇ ಬಟ್ಟೆ. ಇದರ ಜೊತೆ ಟಾರ್ಕ್ ರೆಂಚ್. ಇದು ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕೋ ಅಷ್ಟಕ್ಕೆ 'ಟಕ್' ಅಂತ ಸೂಚನೆ ಕೊಡುವ ಹಿಡಿ. ಬಿಗಿಯ ಅಳತೆ ನ್ಯೂಟನ್ ಮೀಟರ್‌ನಲ್ಲಿರುತ್ತದೆ. ಪ್ರತಿ ಬೋಲ್ಟಿನ ಅಂಕಿ ನಿಮ್ಮ ಬೈಕಿನ ಸರ್ವಿಸ್ ಮ್ಯಾನುಯಲ್‌ನಲ್ಲಿದೆ, ಅಲ್ಲಿಂದಲೇ ಬರೆದುಕೊಳ್ಳಿ. ಒಂದು ಬೈಕಿನ ಅಂಕಿ ಇನ್ನೊಂದಕ್ಕೆ ನಡೆಯುವುದಿಲ್ಲ.

ಟಾರ್ಕ್ ರೆಂಚ್ ಇಲ್ಲ, ಕೈ ಅಂದಾಜಲ್ಲೇ ಬಿಗಿ ಮಾಡ್ತೀನಿ ಅನ್ನುವವರಿಗೆ ನನ್ನ ಉತ್ತರ ಒಂದೇ: ಈ ಕೆಲಸ ಬೇಡ. ಟಿ-ಸ್ಟೆಮ್‌ನ ಕ್ಲ್ಯಾಂಪ್ ಕಡಿಮೆ ಬಿಗಿಯಾದರೆ ಪೈಪು ಜಾರುತ್ತದೆ. ಜಾಸ್ತಿಯಾದರೆ ಥ್ರೆಡ್ ಹೋಗುತ್ತದೆ ಅಥವಾ ಕ್ಲ್ಯಾಂಪೇ ಬಿರುಕು ಬಿಡುತ್ತದೆ. ಗೆಳೆಯರ ಹತ್ತಿರ ಒಂದು ದಿನಕ್ಕೆ ಕೇಳಿ ತನ್ನಿ, ಅಥವಾ ಮೆಕ್ಯಾನಿಕ್ ಹತ್ತಿರ ಹೋಗಿ.

ಹಂತ 1: ಬಿಚ್ಚುವ ಮೊದಲು

ಫೋನ್ ತೆಗೆದು ಎಡಗಡೆ, ಬಲಗಡೆ, ಮುಂದೆ ಹತ್ತು ಹದಿನೈದು ಫೋಟೋ ಹೊಡೆಯಿರಿ. ಬ್ರೇಕ್ ಹೋಸ್ ಯಾವ ಕ್ಲಿಪ್ ಒಳಗಿಂದ ಹೋಗಿದೆ, ಎಬಿಎಸ್ ವೈರ್ ಹೋಸಿನ ಮುಂದೆ ಇದೆಯಾ ಹಿಂದೆ ಇದೆಯಾ, ಎಲ್ಲ ಕಾಣಬೇಕು.

ಟಾಪ್ ಬ್ರಿಡ್ಜ್‌ನ ಮೇಲೆ ಫೋರ್ಕ್ ಪೈಪ್ ಎಷ್ಟು ಎದ್ದಿದೆ ಅಂತ ವರ್ನಿಯರ್‌ನಲ್ಲಿ ಅಳೆದು ಬರೆದಿಡಿ. ಕೆಲವು ಬೈಕಿನಲ್ಲಿ ಸಮತಟ್ಟಾಗಿರುತ್ತದೆ, ಕೆಲವಲ್ಲಿ ಒಂದೆರಡು ಮಿಲಿಮೀಟರ್ ಎದ್ದಿರುತ್ತದೆ. ಟಿ-ಸ್ಟೆಮ್‌ನ ಕೆಳ ಅಂಚಿಗೆ ಸರಿಯಾಗಿ ಪೈಪಿನ ಮೇಲೆ ಟೇಪು ಸುತ್ತಿ ಗುರುತು ಮಾಡಿ.

ಚಕ್ರ ಇನ್ನೂ ನೆಲದ ಮೇಲಿರುವಾಗಲೇ ಆಕ್ಸಲ್ ನಟ್ ಮತ್ತು ಬ್ರೇಕ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ನ ಎರಡು ಬೋಲ್ಟನ್ನು ಕಾಲು ಸುತ್ತು ಸಡಿಲ ಮಾಡಿಕೊಳ್ಳಿ. ಬೈಕು ಗಾಳಿಯಲ್ಲಿರುವಾಗ ಬಿಗಿ ನಟ್ಟಿಗೆ ಬಲ ಹಾಕಿದರೆ ಬೈಕು ಸ್ಟ್ಯಾಂಡಿನಿಂದ ಉರುಳುತ್ತದೆ. ಆಕ್ಸಲ್ ಅಂದರೆ ಚಕ್ರದ ನಡುವೆ ಹೋಗುವ ದಪ್ಪ ಸರಳು. ಅದನ್ನು ಅವುಚಿರುವ ಸಣ್ಣ ಕ್ಲ್ಯಾಂಪ್ ಬೋಲ್ಟ್ ಬಾಟಮ್ ಕೇಸಿನ ತುದಿಯಲ್ಲಿದ್ದರೆ ಅದನ್ನು ಮೊದಲು ಸಡಿಲಿಸಿ, ಆಮೇಲೆ ನಟ್. ಟಿ-ಸ್ಟೆಮ್ ಬೋಲ್ಟನ್ನು ಮಾತ್ರ ಈಗ ಮುಟ್ಟಬೇಡಿ.

ಹಂತ 2: ಮುಂಭಾಗ ಎತ್ತುವುದು

ಸಿಮೆಂಟಿನ ಸಮ ನೆಲ ಬೇಕು. ಮಣ್ಣಿನ ಅಂಗಳದಲ್ಲಿ ಬೇಡವೇ ಬೇಡ. ಡಬಲ್ ಸ್ಟ್ಯಾಂಡ್ ಹಾಕಿ. ಎಂಜಿನ್ ಅಡಿ ಹಲಗೆ ಇಟ್ಟು, ಅದರ ಕೆಳಗೆ ಜಾಕ್ ಇಟ್ಟು ಮೆಲ್ಲಗೆ ಎತ್ತಿ. ಹಲಗೆ ಸೈಲೆನ್ಸರ್ ಪೈಪಿನ ಮೇಲೆ, ಆಯಿಲ್ ಬೋಲ್ಟ್ ಮೇಲೆ, ಆಯಿಲ್ ಫಿಲ್ಟರ್ ಮುಚ್ಚಳದ ಮೇಲೆ ಕೂರಬಾರದು. ಬೆಲ್ಟ್ ತೆಗೆದುಕೊಂಡು ಬೈಕಿನ ಹಿಂಭಾಗವನ್ನು ಕಂಬಕ್ಕೋ ಕಿಟಕಿ ಸರಳಿಗೋ ಕಟ್ಟಿ.

ಈಗ ಹ್ಯಾಂಡಲ್ ಹಿಡಿದು ಅಲ್ಲಾಡಿಸಿ ನೋಡಿ. ಬೈಕು ಓಲಾಡಿದರೆ ಮುಂದೆ ಹೋಗಬೇಡಿ, ಮತ್ತೆ ಸರಿಯಾಗಿ ನಿಲ್ಲಿಸಿ. ಮಕ್ಕಳು ಆ ಕಡೆ ಸುಳಿಯದ ಹಾಗೆ ನೋಡಿಕೊಳ್ಳಿ.

ಚಕ್ರ ಗಾಳಿಯಲ್ಲಿರುವಾಗ ಹ್ಯಾಂಡಲನ್ನು ಎಡದಿಂದ ಬಲಕ್ಕೆ ನಿಧಾನ ತಿರುಗಿಸಿ. ನಡುವೆ ಒಂದು ಕಡೆ 'ಕಟಕ್' ಅಂತ ಹಳ್ಳಕ್ಕೆ ಬಿದ್ದ ಹಾಗೆ ಅನ್ನಿಸಿದರೆ ಸ್ಟೇರಿಂಗ್ ಬೇರಿಂಗ್ ಸವೆದಿದೆ. ಹೇಗೂ ಬಿಚ್ಚುತ್ತಿದ್ದೀರಿ, ಅದನ್ನೂ ಬದಲಾಯಿಸಿಬಿಡುವುದು ಒಳ್ಳೆಯದು.

ಹಂತ 3: ಕ್ಯಾಲಿಪರ್ ಮತ್ತು ಎಬಿಎಸ್ ಸೆನ್ಸರ್

ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವ ಡಬ್ಬಿಯೇ ಕ್ಯಾಲಿಪರ್. ಅದರ ಎರಡು ಬೋಲ್ಟ್ ಬಿಚ್ಚಿ, ಸ್ವಲ್ಪ ಅಲ್ಲಾಡಿಸಿ ಹಿಂದಕ್ಕೆ ಎಳೆದರೆ ಬರುತ್ತದೆ. ಅದನ್ನು ಹೋಸಿನಲ್ಲಿ ನೇತಾಡಲು ಬಿಡಬೇಡಿ. ಹೋಸಿನ ಒಳಪದರ ಹಾಳಾದರೆ ಹೊರಗಿನಿಂದ ಕಾಣುವುದೇ ಇಲ್ಲ. ಒಂದು ತಂತಿಯ ಕೊಕ್ಕೆ ಮಾಡಿ ಬೈಕಿನ ಫ್ರೇಮಿಗೆ ನೇತುಹಾಕಿ. ಫೋರ್ಕಿಗೆ ಕಟ್ಟಬೇಡಿ, ಅದು ಹೇಗೂ ಕೆಳಗಿಳಿಯಲಿದೆ.

ಬ್ರೇಕ್ ಪ್ಯಾಡ್‌ಗಳ ನಡುವೆ ಡಿಸ್ಕಿನಷ್ಟೇ ದಪ್ಪದ ರಟ್ಟು ಮಡಚಿ ತುರುಕಿ. ಬ್ರೇಕ್ ಲಿವರ್ ಮೇಲೆ ಟೇಪು ಅಂಟಿಸಿ 'ಮುಟ್ಟಬೇಡಿ' ಅಂತ ಬರೆಯಿರಿ. ಡಿಸ್ಕ್ ಇಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಪೂರ್ತಿ ಬಂದರೆ ಬ್ರೇಕ್ ಆಯಿಲ್ ಚೆಲ್ಲುತ್ತದೆ, ಆ ಆಯಿಲ್ ಪೇಂಟನ್ನೂ ತಿನ್ನುತ್ತದೆ.

ಎಬಿಎಸ್ ಸೆನ್ಸರ್ ಒಂದೇ ಬೋಲ್ಟಿನಲ್ಲಿರುತ್ತದೆ. ವೈರ್ ಹಿಡಿದು ಎಳೆಯಬೇಡಿ, ಸೆನ್ಸರ್ ತಲೆಯನ್ನೇ ಹಿಡಿದು ಮೆಲ್ಲಗೆ ತೆಗೆಯಿರಿ.

ಹಂತ 4: ಚಕ್ರ, ಮಡ್‌ಗಾರ್ಡ್

ನಟ್ ತೆಗೆದು, ಒಂದು ಕೈಯಲ್ಲಿ ಚಕ್ರದ ಭಾರ ಹೊತ್ತುಕೊಂಡು ಇನ್ನೊಂದು ಕೈಯಲ್ಲಿ ಆಕ್ಸಲ್ ಎಳೆಯಿರಿ. ಎರಡೂ ಬದಿಯಲ್ಲಿ ಸ್ಪೇಸರ್ ಅನ್ನುವ ಸಣ್ಣ ಬುಷ್‌ಗಳಿರುತ್ತವೆ. ಎಡದ್ದು ಬಲದ್ದು ಬೇರೆ ಬೇರೆ ಉದ್ದ ಇರಬಹುದು. ಹಳೇ ಪೇಪರ್ ಹಾಸಿ, ಬಂದ ಕ್ರಮದಲ್ಲೇ ಸಾಲಾಗಿ ಜೋಡಿಸಿ, ಪಕ್ಕದಲ್ಲಿ 'ಎಡ', 'ಬಲ' ಅಂತ ಬರೆಯಿರಿ. ಚಕ್ರವನ್ನು ಡಿಸ್ಕ್ ಕೆಳಗಾಗಿ ಮಲಗಿಸಬೇಡಿ, ಡಿಸ್ಕ್ ಬೆಂಡ್ ಆಗುತ್ತದೆ. ಗೋಡೆಗೆ ಒರಗಿಸಿಡಿ.

ಮಡ್‌ಗಾರ್ಡ್ ಸಾಮಾನ್ಯವಾಗಿ ಬಾಟಮ್ ಕೇಸಿಗೆ ಬೋಲ್ಟ್ ಆಗಿರುತ್ತದೆ. ತೆಗೆಯುವಾಗ ಪೇಂಟ್ ತರಚದ ಹಾಗೆ ಬಾಟಮ್ ಕೇಸಿಗೆ ಬಟ್ಟೆ ಸುತ್ತಿಕೊಳ್ಳಿ.

ಹಂತ 5: ಫೋರ್ಕ್ ಕಾಲು ಇಳಿಸುವುದು, ಒಂದೊಂದೇ

ಕಾಲು ಅಂದರೆ ಒಂದು ಬದಿಯ ಪೈಪ್ ಮತ್ತು ಬಾಟಮ್ ಕೇಸ್ ಸೇರಿದ ಫೋರ್ಕಿನ ಭಾಗ. ಎರಡೂ ಕಾಲನ್ನು ಒಟ್ಟಿಗೆ ತೆಗೆಯಬೇಡಿ. ಒಂದನ್ನು ಪೂರ್ತಿ ಮುಗಿಸಿ ವಾಪಸ್ ಕೂರಿಸಿದ ಮೇಲೆ ಇನ್ನೊಂದಕ್ಕೆ ಹೋಗಿ. ಎತ್ತರ ಗೊತ್ತಾಗಲು ಪಕ್ಕದ ಕಾಲೇ ನಿಮಗೆ ಅಳತೆಗೋಲು. ಹೆಡ್‌ಲೈಟೂ ಅದರ ಆಸರೆಯಲ್ಲಿ ನಿಂತಿರುತ್ತದೆ.

ಮೊದಲು ಟಾಪ್ ಬ್ರಿಡ್ಜ್‌ನ ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ. ಆಮೇಲೆ ಬಾಟಮ್ ಕೇಸನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಟಿ-ಸ್ಟೆಮ್ ಬೋಲ್ಟ್ ಸಡಿಲಿಸಿ. ಕೆಲವೊಮ್ಮೆ ಕಾಲು ತಟ್ಟನೆ ಜಾರಿ ಪಾದದ ಮೇಲೆ ಬೀಳುತ್ತದೆ. ಕೆಲವೊಮ್ಮೆ ಅಲ್ಲಾಡುವುದೇ ಇಲ್ಲ. ಆಗ ಎಡಕ್ಕೆ ಬಲಕ್ಕೆ ತಿರುಚುತ್ತಾ ಕೆಳಗೆ ಎಳೆಯಿರಿ. ಕ್ಲ್ಯಾಂಪಿನ ಸೀಳಿಗೆ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವುದನ್ನು ಬಹಳ ಕಡೆ ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಸೀಳು ಒಮ್ಮೆ ಅಗಲವಾದರೆ ಕ್ಲ್ಯಾಂಪ್ ಮೊದಲಿನ ಹಾಗೆ ಹಿಡಿಯುವುದಿಲ್ಲ.

ಎರಡು ಅಡ್ಡತುಂಡುಗಳ ನಡುವೆ ಪೈಪಿನ ಮೇಲೆ ಕವರ್, ಹೆಡ್‌ಲೈಟ್ ಹಿಡಿದಿರುವ ಪಟ್ಟಿ (ಕಿವಿ) ಇದ್ದರೆ ಪೈಪ್ ಇಳಿದಾಗ ಅದು ಸಡಿಲವಾಗುತ್ತದೆ. ಒಳಗಿನ ರಬ್ಬರ್ ರಿಂಗ್ ಉದುರಿ ಎಲ್ಲೋ ಉರುಳಿಹೋಗುತ್ತದೆ. ಕೆಳಗೆ ಬಟ್ಟೆ ಹಾಸಿರಿ.

ಫೋರ್ಕ್ ಪೈಪಿನ ಮೇಲ್ತುದಿಯ ಮುಚ್ಚಳ ಬಿಚ್ಚಬೇಡಿ. ಈ ಕೆಲಸಕ್ಕೆ ಅದು ಬೇಕಾಗಿಯೇ ಇಲ್ಲ. ಒಳಗೆ ಸ್ಪ್ರಿಂಗ್ ಒತ್ತಡದಲ್ಲಿರುತ್ತದೆ, ಮುಚ್ಚಳ ಮುಖಕ್ಕೆ ಹಾರಬಹುದು. ತೆಗೆದ ಕಾಲನ್ನು ನೆಟ್ಟಗೆ ನಿಲ್ಲಿಸಿಡಿ.

ಹಂತ 6: ಪೈಪ್ ನೋಡಿ, ಆಮೇಲೆ ಗೇಟರ್

ಪೈಪನ್ನು ಒರೆಸಿ ಉಗುರನ್ನು ಮೇಲಿಂದ ಕೆಳಗೆ ಎಳೆಯಿರಿ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಅಲ್ಲಿ ತುಕ್ಕಿನ ಗುಳಿ ಬಿದ್ದಿದೆ. ಅದು ಮೇಲೆ ಕೆಳಗೆ ಹೋದಾಗಲೆಲ್ಲ ಫೋರ್ಕ್ ಒಳಗಿನ ಆಯಿಲ್ ಹೊರಬರದ ಹಾಗೆ ತಡೆಯುವ ಆಯಿಲ್ ಸೀಲಿನ ರಬ್ಬರ್ ಕೊಯ್ಯುತ್ತದೆ. ಬಾಟಮ್ ಕೇಸಿನ ಬಾಯಿ ಹತ್ತಿರ ಜಿಡ್ಡಿನ ಉಂಗುರ ಕಂಡರೆ ಸೀಲ್ ಆಗಲೇ ಸೋರುತ್ತಿದೆ ಅಂತ ಅರ್ಥ. ಅದನ್ನು ಸರಿ ಮಾಡದೆ ಮೇಲೆ ಗೇಟರ್ ಮುಚ್ಚಬೇಡಿ. ಸೋರಿಕೆ ಕಾಣದ ಹಾಗಾಗುತ್ತದೆ, ಆಯಿಲ್ ಇಳಿದು ಡಿಸ್ಕಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

ಗೇಟರನ್ನು ಐದು ನಿಮಿಷ ಬಿಸಿನೀರಲ್ಲಿ ಇಡಿ, ರಬ್ಬರ್ ಮೆತ್ತಗಾಗುತ್ತದೆ. ಒಳಗೂ ಹೊರಗೂ ಚೆನ್ನಾಗಿ ಒರೆಸಿ ಒಣಗಿಸಿ. ಕೆಳಗಿನ ಬಾಯಿಯ ಒಳಗೆ ಬೆರಳಲ್ಲಿ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ. ಮಾಮೂಲಿ ಪೆಟ್ರೋಲಿಯಂ ಗ್ರೀಸ್ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಪೈಪಿನ ಮೇಲ್ತುದಿಯಿಂದ ಇಳಿಸಿ, ಕೆಳಗಿನ ಬಾಯಿಯನ್ನು ಬಾಟಮ್ ಕೇಸಿನ ತುದಿಯ ಮೇಲೆ ಸುತ್ತಲೂ ಸಮವಾಗಿ ಹತ್ತಿಸಿ. ಗೇಟರಿನಲ್ಲಿ ಗಾಳಿ ಹೋಗುವ ಸಣ್ಣ ತೂತುಗಳಿದ್ದರೆ ಅವು ಹಿಂಬದಿಗೆ, ಎಂಜಿನ್ ಕಡೆಗೆ ಬರಬೇಕು. ಮುಂದಕ್ಕೆ ಬಂದರೆ ಆಗುಂಬೆ ಮಳೆಯಲ್ಲಿ ಒಂದು ಸವಾರಿಗೇ ಒಳಗೆ ನೀರು ತುಂಬುತ್ತದೆ.

ಈಗ ಬಹಳ ಮುಖ್ಯವಾದ ವಿಷಯ. ಪೈಪಿನಲ್ಲಿ ಟಿ-ಸ್ಟೆಮ್ ಮತ್ತು ಟಾಪ್ ಬ್ರಿಡ್ಜ್ ಹಿಡಿಯುವ ಜಾಗದಲ್ಲಿ ಗ್ರೀಸಿನ ಪಸೆಯೂ ಇರಬಾರದು. ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಪೈಪನ್ನೂ ಕ್ಲ್ಯಾಂಪಿನ ಒಳಮೈಯನ್ನೂ ಒರೆಸಿ ಒಣಗಿಸಿ.

ಹಂತ 7: ಕಾಲು ವಾಪಸ್ ಏರಿಸುವುದು

ತಿರುಚುತ್ತಾ ಮೇಲಕ್ಕೆ ಏರಿಸಿ. ಟೇಪಿನ ಗುರುತು ಮತ್ತು ಬರೆದಿಟ್ಟ ಎತ್ತರ ಎರಡೂ ಕೂಡಬೇಕು. ಟಿ-ಸ್ಟೆಮ್ ಬೋಲ್ಟನ್ನು ಕಾಲು ಜಾರದಷ್ಟು ಮಾತ್ರ ಬಿಗಿ ಮಾಡಿ, ಟೇಪು ಕಿತ್ತುಹಾಕಿ. ಗೇಟರಿನ ಮೇಲಿನ ಬಾಯಿ ಟಿ-ಸ್ಟೆಮ್‌ನ ಅಡಿಗೆ ತಾಗಿ ನಿಲ್ಲಬೇಕು. ರಬ್ಬರಿನ ಅಂಚು ಕ್ಲ್ಯಾಂಪ್ ಒಳಗೆ ಸಿಕ್ಕಿಕೊಂಡಿದ್ದರೆ ಕ್ಲ್ಯಾಂಪ್ ಬಿಗಿಯಾದ ಹಾಗೆ ತೋರುತ್ತದೆ, ಆದರೆ ಪೈಪನ್ನು ಸರಿಯಾಗಿ ಹಿಡಿದಿರುವುದಿಲ್ಲ. ಬೆರಳು ಸುತ್ತಲೂ ಆಡಿಸಿ ಖಚಿತ ಮಾಡಿಕೊಳ್ಳಿ.

ಇನ್ನೊಂದು ಕಾಲಿಗೂ ಹೀಗೇ ಮಾಡಿ. ಆಮೇಲೆ ಆಕ್ಸಲ್ ಒಂದನ್ನೇ, ಚಕ್ರವಿಲ್ಲದೆ, ಎರಡು ಕಾಲಿನ ತೂತಿಗೂ ತೂರಿಸಿ. ಕೈಯಲ್ಲೇ ಸಲೀಸಾಗಿ ಹೋದರೆ ಎರಡೂ ಕಾಲು ಸಮ ಎತ್ತರದಲ್ಲಿವೆ. ಸಿಕ್ಕಿಕೊಂಡರೆ ಒಂದು ಮೇಲೆ ಒಂದು ಕೆಳಗೆ ಇದೆ, ಸರಿಪಡಿಸಿ. ಈಗ ಟಿ-ಸ್ಟೆಮ್, ಟಾಪ್ ಬ್ರಿಡ್ಜ್ ಬೋಲ್ಟ್‌ಗಳನ್ನು ಮ್ಯಾನುಯಲ್ ಹೇಳಿದ ಟಾರ್ಕಿಗೆ ಬಿಗಿ ಮಾಡಿ. ಒಂದು ಕಡೆ ಎರಡು ಬೋಲ್ಟ್ ಇದ್ದರೆ ಒಂದನ್ನೇ ಪೂರ್ತಿ ಮುಗಿಸದೆ ಇದಕ್ಕೆ ಸ್ವಲ್ಪ, ಅದಕ್ಕೆ ಸ್ವಲ್ಪ ಅಂತ ಹೋಗಿ.

ಹಂತ 8: ಚಕ್ರ ಮತ್ತು ಬ್ರೇಕ್

ಮಡ್‌ಗಾರ್ಡ್ ಬೋಲ್ಟ್‌ಗಳನ್ನು ಕೈಬಿಗಿಗೆ ಹಾಕಿ ಬಿಡಿ. ಟೈರಿನ ಮೇಲಿನ ಬಾಣದ ಗುರುತು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗಿದೆಯಾ ನೋಡಿ. ಸ್ಪೇಸರ್‌ಗಳನ್ನು ಅದರದರ ಬದಿಗೆ ಇಟ್ಟು, ಚಕ್ರ ಎತ್ತಿ ಆಕ್ಸಲ್ ತೂರಿಸಿ. ಸುತ್ತಿಗೆ ಬೇಕಾಯಿತು ಅಂದರೆ ಏನೋ ವಾರೆಯಾಗಿದೆ. ಆಕ್ಸಲ್ ನಟ್ಟನ್ನು ಟಾರ್ಕಿಗೆ ಬಿಗಿ ಮಾಡಿ, ಆಕ್ಸಲಿನ ಸಣ್ಣ ಕ್ಲ್ಯಾಂಪ್ ಬೋಲ್ಟನ್ನು ಹಾಗೇ ಸಡಿಲ ಬಿಡಿ. ಎಬಿಎಸ್ ಸೆನ್ಸರ್ ಅದರ ಜಾಗಕ್ಕೆ ಕೂರಿಸಿ, ವೈರನ್ನು ಫೋಟೋ ನೋಡಿಕೊಂಡು ಹಳೇ ದಾರಿಯಲ್ಲೇ ತನ್ನಿ.

ಡಿಸ್ಕನ್ನು ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ. ಪ್ಯಾಡ್ ನಡುವಿನ ರಟ್ಟು ತೆಗೆದು ಕ್ಯಾಲಿಪರ್ ಕೂರಿಸಿ, ಎರಡು ಬೋಲ್ಟ್ ಟಾರ್ಕಿಗೆ ಬಿಗಿ ಮಾಡಿ.

ಈಗ ಬೇರೇನೂ ಮಾಡುವ ಮೊದಲು ಲಿವರಿನ ಟೇಪು ಕಿತ್ತು ಬ್ರೇಕ್ ಪಂಪ್ ಮಾಡಿ. ಮೊದಲ ನಾಲ್ಕೈದು ಸಲ ಲಿವರ್ ಖಾಲಿ ಖಾಲಿಯಾಗಿ ಹ್ಯಾಂಡಲ್‌ವರೆಗೂ ಬರುತ್ತದೆ. ಕೂರಿಸುವಾಗ ಪ್ಯಾಡ್‌ಗಳು ಹಿಂದಕ್ಕೆ ಹೋಗಿರುತ್ತವೆ, ಅದಕ್ಕೆ. ಕಲ್ಲಿನ ಹಾಗೆ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ನಾನು ಮೊದಲ ಸಲ ಇದನ್ನು ಮರೆತು ಬೈಕನ್ನು ಗೇಟಿನ ಇಳಿಜಾರಿಗೆ ತಳ್ಳಿದ್ದೆ. ಲಿವರ್ ಒತ್ತಿದರೆ ಬ್ರೇಕೇ ಇಲ್ಲ. ಕಾಲಿನ ಬ್ರೇಕ್ ತುಳಿದು ನಿಲ್ಲಿಸುವಷ್ಟರಲ್ಲಿ ಬೈಕಿನ ಮುಂದಿನ ಚಕ್ರ ರಸ್ತೆಯಲ್ಲಿತ್ತು. ಅಂದಿನಿಂದ ಪಂಪ್ ಮಾಡದೆ ಜಾಕ್ ಇಳಿಸುವುದಿಲ್ಲ.

ಎಷ್ಟು ಪಂಪ್ ಮಾಡಿದರೂ ಲಿವರ್ ಸ್ಪಂಜಿನಂತೆ ಮೆತ್ತಗೇ ಇದ್ದರೆ ಒಳಗೆ ಗಾಳಿ ಹೋಗಿದೆ. ಓಡಿಸಬೇಡಿ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.

ಹಂತ 9: ಕುಲುಕಿ, ಆಮೇಲೆ ಕೊನೆಯ ಬಿಗಿ

ಜಾಕ್ ಇಳಿಸಿ ಬೈಕನ್ನು ಚಕ್ರದ ಮೇಲೆ ನಿಲ್ಲಿಸಿ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಮೈಭಾರ ಹಾಕಿ ಎಂಟು ಹತ್ತು ಸಲ ಫೋರ್ಕ್ ಕುಲುಕಿ. ಹೀಗೆ ಮಾಡಿದಾಗ ಎರಡು ಕಾಲುಗಳೂ ಆಕ್ಸಲ್ ಮೇಲೆ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಆಮೇಲೆ ಆಕ್ಸಲ್‌ನ ಕ್ಲ್ಯಾಂಪ್ ಬೋಲ್ಟ್, ಕೊನೆಗೆ ಮಡ್‌ಗಾರ್ಡ್ ಬೋಲ್ಟ್ ಬಿಗಿ ಮಾಡಿ. ಈ ಕ್ರಮ ತಪ್ಪಿಸಿ ಮೊದಲೇ ಬಿಗಿ ಮಾಡಿದರೆ ಫೋರ್ಕ್ ಒಳಗೊಳಗೇ ತಿಕ್ಕುತ್ತದೆ. ಸಣ್ಣ ಗುಂಡಿಗೂ ಕೈ ಜುಮ್ಮೆನ್ನುತ್ತದೆ. ಜನ ಗೇಟರ್ ಹಾಕಿದ ಮೇಲೆ ಶಾಕ್ಸ್ ಗಟ್ಟಿಯಾಯ್ತು ಅನ್ನುವುದು ಬಹಳ ಸಲ ಇದರಿಂದಲೇ.

ಕುಲುಕುವಾಗ ಗೇಟರ್ ಮಡಿಕೆಗಳನ್ನು ಗಮನಿಸಿ. ಒಂದೇ ಕಡೆ ಉಬ್ಬಿದರೆ ಬಾಯಿ ವಾರೆಯಾಗಿ ಕೂತಿದೆ. ಸರಿ ಇದ್ದರೆ ಮೇಲೆ ಕೆಳಗೆ ಕ್ಲಿಪ್ ಅಥವಾ ಪ್ಲಾಸ್ಟಿಕ್ ಟ್ಯಾಗ್ (ಕೇಬಲ್ ಟೈ) ಹಾಕಿ. ರಬ್ಬರ್ ನಜ್ಜಾಗುವಷ್ಟು ಬಿಗಿ ಬೇಡ. ಟ್ಯಾಗಿನ ಉಳಿದ ತುದಿ ಬುಡಕ್ಕೆ ಕತ್ತರಿಸಿ.

ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. ಯಾವ ಕೇಬಲ್ಲೂ ಜಗ್ಗಬಾರದು. ಗೇಟರ್ ಸೇರಿದ ಮೇಲೆ ಫೋರ್ಕ್ ದಪ್ಪವಾಗಿರುತ್ತದೆ, ಬ್ರೇಕ್ ಹೋಸ್ ಅದಕ್ಕೆ ಉಜ್ಜುತ್ತಿದೆಯಾ ನೋಡಿ.

ಮೊದಲ ಸವಾರಿ ಮನೆ ಹತ್ತಿರದ ಖಾಲಿ ರಸ್ತೆಯಲ್ಲಿ, ನಿಧಾನಕ್ಕೆ. ನಾಲ್ಕು ಸಲ ಮುಂದಿನ ಬ್ರೇಕ್ ಹಿಡಿದು ನೋಡಿ. ಬೈಕು ಹೊರಟ ಮೇಲೆ ಎಬಿಎಸ್ ದೀಪ ಆರಬೇಕು. ಉರಿಯುತ್ತಲೇ ಇದ್ದರೆ ಸೆನ್ಸರ್ ಸರಿಯಾಗಿ ಕೂತಿಲ್ಲ. ವಾಪಸ್ ಬಂದು ಎಲ್ಲ ಬೋಲ್ಟ್‌ಗೂ ಇನ್ನೊಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ.

ಮಳೆಗಾಲದಲ್ಲಿ

ಗೇಟರ್ ಕೆಸರನ್ನು ತಡೆಯುತ್ತದೆ, ಆದರೆ ಒಳಗೆ ಹೋದ ತೇವವನ್ನು ಹಿಡಿದೂ ಇಡುತ್ತದೆ. ಮಲೆನಾಡು, ಕರಾವಳಿಯವರು ಇದನ್ನು ಮರೆಯಬೇಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕೆಳಗಿನ ಕ್ಲಿಪ್ ಬಿಚ್ಚಿ, ಬಾಯಿಯನ್ನು ಮೇಲಕ್ಕೆ ಮಡಚಿ, ಪೈಪನ್ನು ಒಣ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕಂದು ಬಣ್ಣ ಹತ್ತಿದರೆ ತುಕ್ಕು ಶುರುವಾಗಿದೆ. ಜಿಡ್ಡು ಹತ್ತಿದರೆ ಸೀಲ್ ಸೋರುತ್ತಿದೆ. ಎರಡೂ ಇಲ್ಲದಿದ್ದರೆ ಬಾಯಿ ಇಳಿಸಿ ಕ್ಲಿಪ್ ಹಾಕಿ.

ಇಷ್ಟೆಲ್ಲ ಆಗುವುದಿಲ್ಲ, ಮೆಕ್ಯಾನಿಕ್ ಹತ್ತಿರವೇ ಹಾಕಿಸ್ತೀನಿ ಅಂದರೂ ಸರಿಯೇ. ಬೈಕ್ ವಾಪಸ್ ತೆಗೆದುಕೊಳ್ಳುವಾಗ ಅಲ್ಲೇ ನಿಂತು ಲಿವರ್ ಒತ್ತಿ ನೋಡಿ. ಟಾಪ್ ಬ್ರಿಡ್ಜ್ ಮೇಲೆ ಎರಡೂ ಪೈಪಿನ ಎತ್ತರ ಒಂದೇ ಇದೆಯಾ ನೋಡಿ. ಕ್ಲ್ಯಾಂಪ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿದ್ದಾರಾ ಅಂತ ಬಾಯಿಬಿಟ್ಟು ಕೇಳಿ.